ಸರಳು ಸಿಕ್ಕಿಕೊಂಡಾಗಲೆಲ್ಲ

ಮಾರ್ಚ್ ೯, ಭಾನುವಾರ

ಪ್ರೀತಿಯ ಪಾಪು,

ನಿನ್ನ ಕಾಗದ ಬುಧವಾರವೇ ಬಂತು. ಉತ್ತರಕ್ಕೆ ನಾಲ್ಕು ದಿನ ಹಿಡಿಯಿತು ಎಂದು ಮುನಿಸಿಕೊಳ್ಳಬೇಡ. ತಲೆಯಲ್ಲಿ ಎರಡು ಬಿಳಿ ಕೂದಲು ಕಂಡವು ಎಂದು ನೀನೇ ಬರೆದಿದ್ದೀಯ, ಆದರೂ ಪಾಪು ಎಂದೇ ಕರೆಯುತ್ತೇನೆ, ಸಹಿಸಿಕೋ. ಮೊಣಕಾಲು ನೋವು ಹಾಗೇ ಇದೆ. ಕಣ್ಣು ಪರವಾಗಿಲ್ಲ. ಮೇಲಿನ ಮನೆಯವರು ನೀರಿನ ಪೈಪು ರಿಪೇರಿ ಮಾಡಿಸುತ್ತೇವೆ ಎನ್ನುತ್ತಲೇ ಇದ್ದಾರೆ, ಮಾಡಿಸುವುದಿಲ್ಲ.

ನೀನು ಕೇಳಿರುವುದು ಸಣ್ಣ ವಿಷಯ. ನಿನ್ನ ಎಂಟನೇ ತರಗತಿಯ ಮಕ್ಕಳು ಇಂಗ್ಲಿಷಿನಲ್ಲಿ ‘ವೆನೆವರ್’ ಬರಬೇಕಾದ ಕಡೆ ‘ವೆನ್’ ಬರೆಯುತ್ತಾರೆ. ‘ಹೌ’ ಕಂಡ ಕೂಡಲೇ ಅದು ಪ್ರಶ್ನೆ ಎಂದುಕೊಂಡು ವಾಕ್ಯವನ್ನು ತಲೆಕೆಳಗು ಮಾಡಿ, ಕೊನೆಯಲ್ಲೊಂದು ಪ್ರಶ್ನೆಯ ಕೊಕ್ಕೆ ನೇತುಹಾಕುತ್ತಾರೆ. ಇಂಥ ಪದಗಳು ಒಂದು ವಾಕ್ಯದೊಳಕ್ಕೆ ಇನ್ನೊಂದು ಪುಟ್ಟ ವಾಕ್ಯವನ್ನು ಕರೆತರುವ ಬಗೆಯನ್ನು ಹಿಂದೆ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಹೇಳಿಕೊಟ್ಟ ಹಾಗೆ ಮತ್ತೊಮ್ಮೆ ಬರೆದು ಕಳಿಸಮ್ಮಾ, ನಿನ್ನಷ್ಟು ಚೆನ್ನಾಗಿ ಯಾವ ವ್ಯಾಕರಣದ ಪುಸ್ತಕವೂ ಹೇಳುವುದಿಲ್ಲ ಎಂದಿದ್ದೀಯ. ಓದಿ ಹಿಗ್ಗಿದೆ. ಆ ಹಿಗ್ಗು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಇತ್ತು.

ಮೊದಲು ಪಾಠ ಮುಗಿಸಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ‘ವೆನ್’ಗೆ ‘ಬಂದಾಗ’, ‘ವೆನೆವರ್’ಗೆ ‘ಬಂದಾಗಲೆಲ್ಲ’ ಎನ್ನುತ್ತೇವೆ. ಹೇಳಬೇಕಾದ್ದನ್ನೆಲ್ಲ ಕ್ರಿಯಾಪದದ ಬಾಲಕ್ಕೆ ಗಂಟು ಹಾಕುತ್ತೇವೆ. ಇಂಗ್ಲಿಷಿನವರು ಅದನ್ನು ಬಿಚ್ಚಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪದ ಮೊದಲು ಬರುತ್ತದೆ, ಅದರ ಕೈ ಹಿಡಿದು ಪುಟ್ಟ ವಾಕ್ಯ ಒಳಗೆ ಬರುತ್ತದೆ. ‘ವೆನೆವರ್’ ಕರೆತರುವ ವಾಕ್ಯ ನೆಂಟನಿದ್ದ ಹಾಗೆ. ಮುಂದಿನ ಕೋಣೆಯಲ್ಲಾದರೂ ಕೂರಿಸು, ಹಿಂದಿನ ಕೋಣೆಯಲ್ಲಾದರೂ ಕೂರಿಸು, ಎದ್ದು ಹೋದರೂ ಮನೆ ಬೀಳುವುದಿಲ್ಲ. ‘ಹೌ’ ಕರೆತರುವುದು ಹಾಗಲ್ಲ. ‘ಅವಳು ಹೇಗೆ ನಡೆದಳೆಂದು ನೋಡಿದೆ’ ಎಂಬಲ್ಲಿ ‘ಹೇಗೆ ನಡೆದಳೆಂದು’ ತೆಗೆದುಬಿಟ್ಟರೆ ‘ನೋಡಿದೆ’ ಒಂದೇ ಉಳಿಯುತ್ತದೆ, ಏನನ್ನು ನೋಡಿದೆಯಮ್ಮಾ ಎಂದು ಜನ ಕೇಳುತ್ತಾರೆ. ಅದು ಮನೆಯ ಕಂಬ. ಅಲ್ಲಿ ‘ಹೌ’ ಏನನ್ನೂ ಕೇಳುತ್ತಿಲ್ಲ, ಹೇಳುತ್ತಿದೆ. ಆದ್ದರಿಂದ ಪದಗಳ ಸಾಲು ಕೆಡಿಸುವುದು ಬೇಡ, ಕೊಕ್ಕೆಯೂ ಬೇಡ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಇನ್ನು ಉದಾಹರಣೆ ಬೇಕು. ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ ಪಾಪು. ಮಳೆ, ಛತ್ರಿ, ಬಸ್ಸು, ಗಂಟೆ ಎಂದು ಏನೇನೋ ಬರೆದು ಹರಿದೆ. ನನ್ನ ತಲೆಯಲ್ಲಿ ಹದಿನೆಂಟು ವರ್ಷದಿಂದ ಇರುವ ಉದಾಹರಣೆಗಳು ಎರಡೇ. ಎರಡನ್ನೂ ನಾನೇ ಕೆಡಿಸಿದ್ದೇನೆ. ಅವನ್ನು ಬಿಟ್ಟು ಬೇರೆ ಬರೆಯಲು ಕೈ ಬರುತ್ತಿಲ್ಲ.

ಬಟ್ಟೆ ಒಗೆಯುವ ಕಾರ್ಖಾನೆ ನಿನಗೆ ನೆನಪಿರಬೇಕು. ಶಾಲೆ ಬಿಟ್ಟ ಮೇಲೆ ನನ್ನ ಟೈಪ್ ಮಾಡುವ ಕೋಣೆಗೆ ಬಂದು ಬೆಂಚಿನ ಮೇಲೆ ಮನೆಪಾಠ ಬರೆಯುತ್ತಿದ್ದೆ. ಊರಿನ ಆಸ್ಪತ್ರೆಗಳ ಹೊದಿಕೆ, ಹಾಸು, ದಿಂಬಿನ ಚೀಲ ಎಲ್ಲ ಅಲ್ಲಿಗೇ ಬರುತ್ತಿದ್ದವು. ನಿಮ್ಮಪ್ಪ ಇಸ್ತ್ರಿ ವಿಭಾಗದ ಮೇಸ್ತ್ರಿ. ಆ ಇಸ್ತ್ರಿ ನಾವು ಮನೆಯಲ್ಲಿ ಹಿಡಿಯುವಂಥದ್ದಲ್ಲ. ಆಳು ಉದ್ದದ ಉರುಳೆಗಳು, ಒಳಗೆ ಉಗಿ. ಇಬ್ಬರು ಹೆಂಗಸರು ಒದ್ದೆ ಹಾಸಿನ ಎರಡು ತುದಿ ಹಿಡಿದು ಬಾಯಿಗೆ ಕೊಡಬೇಕು, ಅದು ಎಳೆದುಕೊಂಡು ಆಚೆ ಕಡೆ ಒಣಗಿಸಿ ಬಿಡುತ್ತದೆ. ಕೈ ಒಳಗೆ ಹೋಗದಿರಲಿ ಎಂದು ಬಾಯಿಯ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ಸರಳು. ಸರಳನ್ನು ಒತ್ತಿದರೆ ಉರುಳೆ ನಿಲ್ಲಬೇಕು.

ಮೂರನೇ ಉರುಳೆಗೆ ಬಟ್ಟೆ ಕೊಡುತ್ತಿದ್ದವರು ಅಕ್ಕತಂಗಿಯರು. ಅಕ್ಕನನ್ನು ಇಡೀ ಕಾರ್ಖಾನೆ ದೊಡ್ಡಕ್ಕ ಎನ್ನುತ್ತಿತ್ತು. ಮಾತು ಕಡಿಮೆ, ಕೆಲಸ ಜಾಸ್ತಿ, ಎದುರಿಗೆ ನಿಂತರೆ ಯಾರೂ ಸುಳ್ಳು ಹೇಳಲಾಗದಂಥ ಹೆಂಗಸು. ತಂಗಿ ಬಾಯಿಬಡುಕಿ. ಉಗಿಯ ಸದ್ದಿನ ಮೇಲೂ ಅವಳ ನಗು ನನ್ನ ಕೋಣೆಗೆ ಕೇಳುತ್ತಿತ್ತು. ಅವಳಿಗೆ ನಾಲ್ಕು ವರ್ಷದ ಮಗಳಿದ್ದಳು. ಆ ತಂಗಿಯ ಬಲಗೈ ಒಂದು ಶುಕ್ರವಾರ, ಊಟದ ಗಂಟೆಗೆ ಸ್ವಲ್ಪ ಮುಂಚೆ, ಹಾಸಿನ ಜೊತೆ ಒಳಗೆ ಹೋಯಿತು. ಮುಖ್ಯ ಸ್ವಿಚ್ಚು ಆರಿಸುವ ಹೊತ್ತಿಗೆ ಭುಜದವರೆಗೂ ಹೋಗಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಇದ್ದಳು. ನಮ್ಮಲ್ಲೇ ಒಗೆದ ಹಾಸಿನ ಮೇಲೆ ಮಲಗಿದ್ದಳು. ಹತ್ತನೇ ದಿನ ಹೋದಳು. ಇದೆಲ್ಲ ನಿನಗೆ ಗೊತ್ತು. ಮುಂದಿನದು ಪೂರ್ತಿ ಗೊತ್ತಿಲ್ಲ.

ತನಿಖೆಗೆ ಬಂದ ಅಧಿಕಾರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ವರದಿ ಇಂಗ್ಲಿಷಿನಲ್ಲೇ ಆಗಬೇಕು. ಕಾರ್ಖಾನೆಯಲ್ಲಿ ಎರಡೂ ಭಾಷೆ ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ. ಮ್ಯಾನೇಜರು ನನ್ನನ್ನು ಕರೆದು, ‘ಹೇಳಿಕೆಗಳನ್ನು ನೀವೇ ಬರೆದುಕೊಂಡು ಅನುವಾದ ಮಾಡಿ ಟೈಪ್ ಮಾಡಿ ಕೊಡಿ’ ಎಂದರು. ನಾನು ಮೇಸ್ತ್ರಿಯ ಹೆಂಡತಿ ಎಂದು ಅವರಿಗೆ ಗೊತ್ತಿತ್ತು. ಅಧಿಕಾರಿಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ದೊಡ್ಡಕ್ಕನ ಹೇಳಿಕೆಯ ಹಿಂದಿನ ಸಂಜೆ ನಿಮ್ಮಪ್ಪ ಊಟ ಮಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಒಂದು ಮಾತು ಹೇಳಿ ಹೊರಗೆ ಹೋದರು. ಆ ಮಾತು ಏನೆಂದು ನೀನು ಊಹಿಸಿಕೊಂಡಿದ್ದೀಯ. ಅದು ಈಗ ಬೇಡ.

ದೊಡ್ಡಕ್ಕ ನನ್ನ ಕೋಣೆಗೆ ಬಂದಾಗ ಅಲ್ಲಿ ನಾವಿಬ್ಬರೇ. ತಂಗಿ ಸತ್ತು ಐದು ದಿನವಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತಳು. ‘ನಿಧಾನಕ್ಕೆ ಹೇಳಿ, ನಾನು ಒಂದಕ್ಷರ ಬಿಡದೆ ಬರ್ಕೋತೀನಿ’ ಎಂದೆ. ಅವಳು ಹೇಳಿದ್ದನ್ನು ನಿಜವಾಗಿಯೂ ಒಂದಕ್ಷರ ಬಿಡದೆ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಪುಸ್ತಕ ಈಗ ನನ್ನ ಮುಂದೆ ಇದೆ. ಅದರಲ್ಲಿ ಇರುವುದು ಹೀಗೆ:

‘ಆ ಸರಳು ಸಿಕ್ಕಿಕೊಂಡಾಗಲೆಲ್ಲ ನಾನು ಮೇಸ್ತ್ರಿಗೆ ಹೇಳ್ತಾನೇ ಇದ್ದೆ. ನೂಲಿನ ಧೂಳು ಕೂತು ಅದು ಬಿಗಿದುಕೊಳ್ಳೋದು. ನೋಡ್ತೀನಿ ದೊಡ್ಡಕ್ಕ, ಮ್ಯಾನೇಜರಿಗೆ ಹೇಳಿದೀನಿ ಅನ್ನೋರು. ಆವತ್ತು ನನ್ನ ತಂಗಿ ಆ ಸರಳನ್ನ ಹೇಗೆ ಒತ್ತಿದ್ಲು ಅಂತ ನಾನು ಕಣ್ಣಾರೆ ನೋಡಿದೀನಿ.’

ಕೊನೆಯ ವಾಕ್ಯ ಹೇಳುವಾಗ ಅವಳು ನನ್ನ ಮೇಜಿನ ಅಂಚನ್ನು ಎಡಗೈಯಲ್ಲಿ ಒತ್ತಿ ತೋರಿಸಿದಳು. ಒಂದು ಸಲ ಅಲ್ಲ. ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು. ಮೇಜಿನ ಮೇಲಿದ್ದ ಪೆನ್ಸಿಲ್ಲುಗಳು ಕುಣಿದವು. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ‘ಅಷ್ಟೇ ಅಮ್ಮ’ ಎಂದಳು. ಅವಳು ಕೈಯಲ್ಲಿ ತೋರಿಸಿದ್ದೆಲ್ಲ ಆ ಒಂದು ‘ಹೇಗೆ’ಯ ಒಳಗೆ ಇತ್ತು. ಬೇರೆಲ್ಲೂ ಇರಲಿಲ್ಲ.

ಅವಳನ್ನು ಹೊರಗೆ ಕೂರಿಸಿ ನಾನು ಟೈಪ್ ಮಾಡಿದೆ. ‘ವೆನೆವರ್’ ಬರಬೇಕಾದಲ್ಲಿ ‘ವೆನ್’ ಹಾಕಿದೆ. ‘ಹೇಳ್ತಾನೇ ಇದ್ದೆ’ ಎಂಬುದನ್ನು ‘ಹೇಳಿದೆ’ ಮಾಡಿದೆ. ‘ವೆನ್ ದ ಬಾರ್ ಜಾಮ್ಡ್, ಐ ಟೋಲ್ಡ್ ದ ಫೋರ್‌ಮನ್.’ ಓದಿದವರಿಗೆ ಒಂದೇ ಸಲ ಸಿಕ್ಕಿಕೊಂಡಿತು, ಒಂದೇ ಸಲ ಹೇಳಿದಳು, ಅದೂ ಅವಘಡವಾದ ಮೇಲೆ ಎಂದು ಅನಿಸಬೇಕು, ಹಾಗೆ. ಮೇಸ್ತ್ರಿಯ ಉತ್ತರದ ವಾಕ್ಯವನ್ನು ಎತ್ತಿಬಿಟ್ಟೆ, ಅದಕ್ಕೆ ಅಲ್ಲಿ ಇನ್ನು ಜಾಗವಿರಲಿಲ್ಲ. ಕೊನೆಯ ವಾಕ್ಯದಲ್ಲಿ ‘ಹೌ’ ತೆಗೆದು ‘ದ್ಯಾಟ್’ ಇಟ್ಟೆ. ತಂಗಿ ಸರಳನ್ನು ಹೇಗೆ ಒತ್ತಿದಳೆಂದು ನೋಡಿದೆ ಎಂಬುದು ತಂಗಿ ಸರಳನ್ನು ಒತ್ತಿದ್ದನ್ನು ನೋಡಿದೆ ಎಂದಾಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಒತ್ತಿದಳು ಎಂದ ಮೇಲೆ ಉರುಳೆ ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ ಎಂದರೆ ಕೈ ಹೋದ ಮೇಲೆ, ತಡವಾಗಿ ಒತ್ತಿರಬೇಕು. ವರದಿಯಲ್ಲಿ ಅಧಿಕಾರಿ ಬರೆದದ್ದು ಅದನ್ನೇ. ಕೆಲಸಗಾರಳ ಸ್ವಂತ ಅಜಾಗರೂಕತೆ, ಮುನ್ಸೂಚನೆ ಇದ್ದ ಬಗ್ಗೆ ಸಾಕ್ಷ್ಯವಿಲ್ಲ.

ಇಲ್ಲಿಗೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸಹಿಗೆ ಮುಂಚೆ ಹೇಳಿಕೆಯನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು ಎಂಬ ನಿಯಮವಿತ್ತು. ನಾನು ಇಂಗ್ಲಿಷಿನ ಹಾಳೆಯನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಬೆರಳು ಆಡಿಸುತ್ತಾ, ಅಲ್ಲಿ ಇಲ್ಲದ್ದನ್ನು ಓದಿದೆ. ‘ಸಿಕ್ಕಿಕೊಂಡಾಗಲೆಲ್ಲ’ ಎಂದು ಓದಿದೆ. ‘ಹೇಗೆ ಒತ್ತಿದಳೆಂದು’ ಎಂದು ಓದಿದೆ. ಅವಳದೇ ಮಾತನ್ನು ಅವಳಿಗೆ ಒಪ್ಪಿಸಿದೆ. ದೊಡ್ಡಕ್ಕ ಕಣ್ಣೊರೆಸಿಕೊಂಡು, ‘ಹೌದಮ್ಮ, ನಾನು ಹೇಳಿದ ಹಾಗೇ ಬರ್ದಿದೀರ. ಪುಣ್ಯ ಬರಲಿ ನಿಮಗೆ’ ಎಂದು ಸಹಿ ಹಾಕಿದಳು. ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆಯಲು ಅವಳಿಗೆ ಒಂದು ನಿಮಿಷ ಬೇಕಾಯಿತು. ನಾನು ಹಾಳೆ ಅಲುಗದ ಹಾಗೆ ಹಿಡಿದುಕೊಂಡಿದ್ದೆ.

ಮಾರನೇ ದಿನ ಅಧಿಕಾರಿ ನಿಮ್ಮಪ್ಪನಿಗೆ ಎರಡು ಪ್ರಶ್ನೆ ಕೇಳಿದರು. ಅಲ್ಲಿಗೆ ತನಿಖೆ ಮುಗಿಯಿತು.

ಯಾಕೆ ಮಾಡಿದೆ ಎಂದು ಕೇಳುತ್ತೀಯ. ಹೆದರಿಕೆ ಪಾಪು. ನಿಮ್ಮಪ್ಪನನ್ನು ಜೈಲಿಗೆ ಹಾಕುತ್ತಾರೆ ಎಂಬ ಹೆದರಿಕೆ. ಮ್ಯಾನೇಜರು ನುಣುಚಿಕೊಂಡು ಎಲ್ಲವನ್ನೂ ಮೇಸ್ತ್ರಿಯ ತಲೆಗೆ ಕಟ್ಟುತ್ತಾರೆ ಎಂದು ಅನಿಸಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಅವರು. ಅದು ನಿಜವೂ ಆಗುತ್ತಿತ್ತೇನೋ. ಆದರೆ ಕೊನೆಗೆ ಆ ಬರೆ ಸತ್ತವಳ ಮೇಲೆ ಬಿತ್ತು, ಹಾಕಿದವಳು ನಾನು.

ವರದಿ ಬಂದ ಮೇಲೆ ದೊಡ್ಡಕ್ಕ ಕಾರ್ಖಾನೆಯ ಬಾಗಿಲಲ್ಲಿ ನಿಂತು, ನಾನು ಹತ್ತು ಸಲ ಹೇಳಿದ್ದೆ, ಎಲ್ಲ ಬರೆಸಿದ್ದೆ ಎಂದು ಕೂಗಿದಳು. ಮ್ಯಾನೇಜರು ಅವಳ ಸಹಿ ಇದ್ದ ಹಾಳೆ ತೋರಿಸಿದರು. ಆವತ್ತಿನಿಂದ ಅವಳು ಸುಳ್ಳಿಯಾದಳು. ತಂಗಿಯ ಸಾವಿನ ಮೇಲೆ ಕಥೆ ಕಟ್ಟುತ್ತಾಳೆ ಎಂದು ಜೊತೆಯವರೇ ಆಡಿಕೊಂಡರು. ಇಸ್ತ್ರಿ ವಿಭಾಗದಿಂದ ಮೈಲಿಗೆ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದರು. ರಕ್ತ, ಕೀವು, ವಾಂತಿ ಮೆತ್ತಿದ ಹಾಸುಗಳು. ನಾಲ್ಕು ತಿಂಗಳು ಮಾಡಿದಳು, ಐದನೇ ತಿಂಗಳು ಬರಬೇಡ ಎಂದರು. ಅಷ್ಟರಲ್ಲಿ ಎಲ್ಲ ಉರುಳೆಗಳಿಗೂ ಹೊಸ ಸರಳು ಕೂರಿಸಿದ್ದರು, ಯಾರಿಗೂ ಏನೂ ಹೇಳದೆ. ಅವಳು ಹೊರಟ ದಿನ ನನ್ನ ಕೋಣೆಯ ಬಾಗಿಲಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡು ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ಅವಳು ನನ್ನ ಬೆರಳುಗಳನ್ನೇ ನೋಡಿ, ‘ನೀವು ಓದಿ ಹೇಳಿದ್ರಲ್ಲಮ್ಮ’ ಎಂದಳು. ಅಷ್ಟೇ. ಹೊರಟುಹೋದಳು.

ಶಾಲೆಯಲ್ಲಿ ಯಾರೋ ನಿನಗೆ ‘ನಿಮ್ಮಪ್ಪ ಕೊಂದ’ ಎಂದರು. ನಿನಗೆ ಆಗ ಹದಿನಾಲ್ಕು. ಮನೆಗೆ ಬಂದು ಚೀಲ ಕೂಡ ಇಳಿಸದೆ ಅಪ್ಪನ ಮುಂದೆ ನಿಂತು, ‘ನಿಮಗೆ ಮುಂಚೆ ಹೇಳಿದ್ರಾ?’ ಎಂದು ಕೇಳಿದೆ. ‘ಹೇಳ್ತಾನೇ ಇದ್ರು’ ಎಂದರು ಅವರು. ‘ಮತ್ತೆ ಕಾಗದದಲ್ಲಿ ಯಾಕೆ ಇಲ್ಲ?’ ಎಂದು ನನ್ನ ಕಡೆ ತಿರುಗಿದೆ. ನಾನು, ‘ನಿಮ್ಮಪ್ಪ ಹೇಳಿದ ಹಾಗೆ ಬರ್ದೆ ಮಗಳೇ’ ಎಂದೆ. ನೀನು ಬಂದು ನನ್ನನ್ನು ತಬ್ಬಿಕೊಂಡೆ. ಅವರ ಜೊತೆ ಆವತ್ತಿನಿಂದ ಮಾತು ಬಿಟ್ಟೆ. ಹಾಸ್ಟೆಲಿಗೆ ಹೋದೆ, ಓದಿದೆ, ಕೆಲಸ ಹಿಡಿದೆ, ಕಾಗದವನ್ನೆಲ್ಲ ನನ್ನ ಹೆಸರಿಗೇ ಬರೆದೆ. ಮೂರು ವರ್ಷದ ಹಿಂದೆ ಅವರು ಹೋದಾಗ ನೀನು ಬರಲಿಲ್ಲ. ‘ನಿನಗೆ ಇನ್ನಾದರೂ ಬಿಡುಗಡೆ ಸಿಕ್ಕಿತು ಅಮ್ಮ’ ಎಂದು ಎರಡು ಸಾಲು ಬರೆದಿದ್ದೆ. ಅದನ್ನೂ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಈಗ ಯಾಕೆ ಎಂದರೆ, ನಿನ್ನ ಕಾಗದ ಬರುವ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಒಬ್ಬಳು ಹುಡುಗಿ ಬಾಗಿಲು ತಟ್ಟಿದಳು. ಇಪ್ಪತ್ತೆರಡು ಇರಬಹುದು. ಎಣ್ಣೆಗಪ್ಪು ಮುಖ, ಕನ್ನಡಕ, ಹೆಗಲಲ್ಲೊಂದು ಚೀಲ. ವಕೀಲರೊಬ್ಬರ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ ಎಂದಳು. ಕೂರು ಎಂದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ‘ಉರುಳೆಯಲ್ಲಿ ಹೋದವಳ ಮಗಳು ನಾನು’ ಎಂದಳು. ಅವಳನ್ನು ಬೆಳೆಸಿದ್ದು ದೊಡ್ಡಕ್ಕ. ಹತ್ತಾರು ಮನೆಯ ನೆಲ ಒರೆಸಿ ಓದಿಸಿದಳಂತೆ, ಅದರಲ್ಲೂ ಇಂಗ್ಲಿಷ್ ಕಲಿಯಲೇಬೇಕು ಎಂದು ಹಟ ಹಿಡಿದಿದ್ದಳಂತೆ. ಯಾಕೆ ಎಂದು ಹುಡುಗಿಗೆ ಆಗ ಗೊತ್ತಾಗಿರಲಿಲ್ಲವಂತೆ.

ಚೀಲದಿಂದ ಒಂದು ಹಾಳೆ ತೆಗೆದಳು. ತನಿಖಾ ಕಚೇರಿಯಿಂದ ಪಡೆದ ನಕಲು. ನನ್ನ ಟೈಪಿನದು ಎಂದು ದೂರದಿಂದಲೇ ಗೊತ್ತಾಯಿತು. ಆ ಯಂತ್ರದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಸ್ವಲ್ಪ ಮೇಲಕ್ಕೆ ಹಾರುತ್ತಿತ್ತು.

‘ಇಲ್ಲಿ ವೆನ್ ಅಂತ ಇದೆ. ನಮ್ಮ ದೊಡ್ಡಮ್ಮ ಹದಿನೆಂಟು ವರ್ಷದಿಂದ ಇದೊಂದನ್ನ ದಿನಾ ಹೇಳ್ತಾರೆ, ಒಂದು ದಿನಾನೂ ಸಿಕ್ಕಿಕೊಂಡಾಗ ಅಂದಿಲ್ಲ. ಸಿಕ್ಕಿಕೊಂಡಾಗಲೆಲ್ಲ ಅಂತಾನೇ ಅನ್ನೋದು. ಹಾಗಿರುವಾಗ ಇಲ್ಲಿ ವೆನ್ ಹೇಗೆ ಬಂತು?’

ನಾನು ಮಾಡಿದ್ದನ್ನು ಕೇಳು. ಬಾಯಿ ತಾನಾಗಿಯೇ ಪಾಠ ಶುರು ಮಾಡಿತು. ಇಂಗ್ಲಿಷಿನಲ್ಲಿ ‘ವೆನ್’ ಎರಡಕ್ಕೂ ಆಗುತ್ತದಮ್ಮ, ಮಳೆ ಬಂದಾಗ ಛತ್ರಿ ಹಿಡಿಯುತ್ತೇನೆ ಎಂದರೆ ಬಂದಾಗಲೆಲ್ಲ ಎಂದೇ ಅರ್ಥ, ‘ವೆನೆವರ್’ ಎಂದು ಬಿಡಿಸಿ ಹೇಳಲೇಬೇಕು ಎಂದೇನಿಲ್ಲ, ಸಂದರ್ಭ ನೋಡಿ ಓದುವವರು ತಿಳಿದುಕೊಳ್ಳಬೇಕು ಎಂದೆ. ಅದು ಸುಳ್ಳಲ್ಲ ಪಾಪು, ನಿನ್ನ ಮಕ್ಕಳಿಗೂ ಹೇಳು. ಈ ಒಂದು ನಿಯಮವನ್ನೇ ಹದಿನೆಂಟು ವರ್ಷ ಹೊದ್ದುಕೊಂಡು ಮಲಗಿದ್ದೆ. ‘ಹೌ’ ಬದಲು ‘ದ್ಯಾಟ್’ ಬಂದರೂ ಎಷ್ಟೋ ಕಡೆ ಅರ್ಥ ಕೆಡುವುದಿಲ್ಲ ಎಂದು ಎರಡು ಉದಾಹರಣೆಯನ್ನೂ ಕೊಟ್ಟೆ. ಅವಳು ‘ಹೌ’ ಬಗ್ಗೆ ಕೇಳಿಯೇ ಇರಲಿಲ್ಲ.

ಹುಡುಗಿ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಹಾಳೆ ಮಡಚಿ ಚೀಲಕ್ಕೆ ಹಾಕಿ ಹೇಳಿದಳು: ‘ನಿಮಗೆ ಇಂಗ್ಲಿಷ್ ಸರಿಯಾಗಿ ಬರದೆ ಹೀಗಾಗಿರಬಹುದು ಅಂದುಕೊಂಡು ಬಂದೆ. ಪಾಪ, ಟೈಪ್ ಮಾಡೋರು, ಗೊತ್ತಿಲ್ಲದೆ ಬರೆದಿದಾರೆ, ಬಿಡಿ ದೊಡ್ಡಮ್ಮ ಅಂತ ಹೇಳಿ ಸಮಾಧಾನ ಮಾಡೋಣ ಅಂತಿದ್ದೆ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು.’

ನನಗೆ ಬರುವ ವಿದ್ಯೆ ಅದೊಂದೇ. ಅದನ್ನು ಪ್ರದರ್ಶನ ಮಾಡಹೋಗಿ ನನ್ನ ಬಾಯಿಂದಲೇ ಸಿಕ್ಕಿಬಿದ್ದೆ. ಅವಳು ಮೆಟ್ಟಿಲು ಇಳಿಯುವಾಗ ಕರೆದೆ. ‘ದೊಡ್ಡಕ್ಕ ಹೇಗಿದಾರೆ?’ ಎಂದೆ. ಅವಳು ತಿರುಗಲಿಲ್ಲ. ‘ಎದೆಯಲ್ಲಿ ನೀರು ತುಂಬಿದೆ. ಮಾತಾಡೋಕೆ ಕಷ್ಟ. ಆದ್ರೂ ಅದೊಂದು ವಾಕ್ಯ ಹೇಳ್ತಾರೆ’ ಎಂದಳು.

ಮಾರನೇ ದಿನ ಅಂಚೆಯವನು ನಿನ್ನ ಕಾಗದ ಕೊಟ್ಟ. ‘ವೆನೆವರ್’, ‘ಹೌ’ ಎಂದು ನಿನ್ನ ಕೈಬರಹದಲ್ಲಿ ಓದಿದಾಗ ಅವಳೇ ನಿನಗೆ ಹೇಳಿ ಬರೆಸಿದ್ದಾಳೆ ಎಂದುಕೊಂಡು ಬಾಗಿಲು ಹಾಕಿ ಕೂತೆ. ಆಮೇಲೆ ಎಂಟನೇ ತರಗತಿ ಎಂದು ಓದಿ ಉಸಿರು ಬಂತು. ಉಸಿರು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಗುರುವಾರ ಟ್ರಂಕು ತೆಗೆದು ನೋಟ್ ಪುಸ್ತಕ ಹುಡುಕಿದೆ. ಅದನ್ನು ಯಾಕೆ ಸುಡಲಿಲ್ಲ ಎಂದು ನನಗೂ ಗೊತ್ತಿಲ್ಲ. ಶುಕ್ರವಾರ ವಿಳಾಸ ಕೇಳುತ್ತಾ ಆ ಹುಡುಗಿಯ ಕಚೇರಿಗೆ ಹೋದೆ. ಮೂರನೇ ಮಹಡಿ, ಮೊಣಕಾಲಿಗೆ ಒಂದೊಂದು ಮೆಟ್ಟಿಲೂ ಬೆಟ್ಟ. ಪುಸ್ತಕವನ್ನು ಅವಳ ಮೇಜಿನ ಮೇಲೆ ತೆರೆದಿಟ್ಟೆ. ಓದಿದಳು. ‘ಹೇಗೆ ಒತ್ತಿದ್ಲು ಅಂತ’ ಎಂಬಲ್ಲಿಗೆ ಬಂದು, ‘ಹೇಗೆ?’ ಎಂದು ಕೇಳಿದಳು. ನಾನು ಅವಳ ಮೇಜಿನ ಅಂಚನ್ನು ಒತ್ತಿ ತೋರಿಸಿದೆ. ಅವಳ ತಾಯಿಯ ಕೊನೆಯ ಕೆಲಸವನ್ನು ಅವಳಿಗೆ ತೋರಿಸಿದವಳು ನಾನಾದೆ. ಪಕ್ಕದ ಮೇಜಿನವರು ಬರೆಯುವುದನ್ನು ಬಿಟ್ಟು ನಮ್ಮನ್ನೇ ನೋಡಿದರು. ಅವಳು ‘ಸಾಕು, ನಿಲ್ಲಿಸಿ’ ಎಂದು ಎದ್ದು ಕಿಟಕಿಯ ಹತ್ತಿರ ಹೋದಳು.

ಬರುವ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ತನಿಖಾ ಕಚೇರಿಗೆ ಹೋಗುತ್ತಿದ್ದೇವೆ. ಮೂಲ ಹೇಳಿಕೆ, ಸರಿಯಾದ ಅನುವಾದ, ಬದಲಾಯಿಸಿದವಳು ನಾನು ಎಂಬ ನನ್ನ ಹೇಳಿಕೆ, ಮೂರನ್ನೂ ಕೊಡುತ್ತೇನೆ. ನನ್ನ ಮೇಲೆ ಮೊಕದ್ದಮೆ ಆಗಬಹುದು ಎಂದು ಅವಳ ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಗಲಿ. ಪತ್ರಿಕೆಯಲ್ಲಿ ಬಂದರೆ ನಿನ್ನ ಶಾಲೆಯಲ್ಲಿ ಕೇಳುತ್ತಾರೆ. ಅಮ್ಮ ಮಾಡಿದ್ದು ಹೌದು ಎಂದುಬಿಡು. ನನ್ನನ್ನು ಸಮರ್ಥಿಸಹೋಗಬೇಡ. ನೀನು ಬರುವುದೂ ಬೇಡ.

ದೊಡ್ಡಕ್ಕನನ್ನು ನೋಡಲು ಬರಲೇ ಎಂದು ಆ ಹುಡುಗಿಯನ್ನು ಕೇಳಿದೆ. ‘ಬೇಡ. ನಾನೇ ಓದಿ ಹೇಳ್ತೀನಿ’ ಎಂದಳು. ನಿನ್ನೆ ಸಂಜೆ ಓದಿ ಹೇಳಿದಳಂತೆ, ಇವತ್ತು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದಳು. ದೊಡ್ಡಕ್ಕ ಏನೆಂದಳು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಕ್ಕಳಿಗೆ ಪಾಠ ಚೆನ್ನಾಗಿ ಮಾಡು. ಚಳಿ ಇದ್ದರೆ ಕಿವಿ ಮುಚ್ಚಿಕೋ, ನಿನಗೆ ಬೇಗ ನೆಗಡಿಯಾಗುತ್ತದೆ.

ಇಂತಿ ನಿನ್ನ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅದರಲ್ಲೂ ನಾನು ನನ್ನ ಹಳೆಯ ಕೆಲಸವನ್ನೇ ಮಾಡಿದ್ದೇನೆ. ಆ ಸಂಜೆ ನಿಮ್ಮಪ್ಪ ಬಾಗಿಲಲ್ಲಿ ನಿಂತು ಹೇಳಿದ್ದು ಇದು: ‘ಅವಳು ಹೇಗೆ ಹೇಳ್ತಾಳೋ ಹಾಗೇ ಬರಿ. ಅವಳು ಹೇಳ್ತಾನೇ ಇದ್ದಿದ್ದು ನಿಜ, ನಾನು ಮಿಷನ್ ನಿಲ್ಲಿಸದೆ ಇದ್ದಿದ್ದೂ ನಿಜ.’ ದೊಡ್ಡಕ್ಕ ಸಹಿ ಹಾಕಿದ ಮಾರನೇ ದಿನ ಅಧಿಕಾರಿಯ ಎದುರು ಕೈಕಟ್ಟಿ ನಿಂತು, ‘ಹೇಳ್ತಾನೇ ಇದ್ರು ಸಾಹೇಬ್ರೇ, ನಿಲ್ಲಿಸದೇ ಇದ್ದಿದ್ದು ನನ್ನ ತಪ್ಪು’ ಎಂದು ಅತ್ತರು. ಅದನ್ನು ಇಂಗ್ಲಿಷಿಗೆ ತಿರುಗಿಸಿದವಳೂ ನಾನೇ. ‘ಹೌದು, ಅವಳು ಹೇಳಿದಳಂತೆ, ಇವರಿಗೆ ತುಂಬಾ ದುಃಖವಾಗಿದೆ’ ಎಂದೆ. ಅಧಿಕಾರಿ ಅವರ ಭುಜ ತಟ್ಟಿದರು. ತಪ್ಪೊಪ್ಪಿಕೊಂಡೆ, ಅವರು ಕ್ಷಮಿಸಿದರು ಎಂದೇ ನಿಮ್ಮಪ್ಪ ತಿಳಿದರು. ವರದಿ ಬಂದ ದಿನ ದೊಡ್ಡಕ್ಕನ ಮನೆಗೆ ಹೋಗಿ, ನಾನು ಎಲ್ಲ ಹೇಳಿದೀನಿ ಎಂದರಂತೆ. ಕಾಗದದಲ್ಲಿ ಎಲ್ಲಿದೆ ತೋರಿಸಿ ಎಂದು ಅವಳು ಕೇಳಿದ್ದಾಳೆ. ಮನೆಗೆ ಬಂದು ಅಂಗಳದಲ್ಲಿ ಕತ್ತಲಾಗುವವರೆಗೆ ಕೂತಿದ್ದರು. ನೀನು ಬಂದು ಕೇಳಿದ ದಿನ, ಅವರು ಹೇಳಿದ ಹಾಗೆ ಬರೆದೆ ಎಂದು ನಾನು ಹೇಳಿದಾಗ, ಅವರು ಅಲ್ಲೇ ಇದ್ದರು, ನಿನಗೆ ನೆನಪಿದೆ. ಅಲ್ಲ ಎನ್ನಲಿಲ್ಲ. ನೀನು ಮಲಗಿದ ಮೇಲೆ, ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ‘ನಾನು ಬಾಯಿ ಬಿಟ್ರೆ ನೀನು ಜೈಲಿಗೆ ಹೋಗ್ತೀಯ. ಪಾಪುಗೆ ಒಬ್ಬರಾದ್ರೂ ಇರ್ಲಿ’ ಎಂದರು. ನಾನು ಬೇಡ ಎನ್ನಲಿಲ್ಲ.